ಹಳೆಯ ಆಸ್ಕರ್ ಪಟ್ಟಿಗಳಲ್ಲಿ ‘ಆಯ್ಕೆ’ ಎಂದರೆ ಯಾವುದು?

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಹಳೆಯ ಹಾಲಿವುಡ್ ಚಿತ್ರಗಳ ಮಾಲಿಕೆ ಬರುತ್ತಿರುವುದು ಬಹಳ ಸಂತೋಷದ ವಿಷಯ. ಮೈಸೂರಿನಲ್ಲಿ ಅದನ್ನು ಕತ್ತರಿಸಿ ಫೈಲ್ ಮಾಡಿಟ್ಟುಕೊಳ್ಳುವವರಿದ್ದಾರೆ. ಕ್ವಿಜ್‌ಗೆ ತಯಾರಾಗುವ ಹುಡುಗ ಹುಡುಗಿಯರು ಅದರಲ್ಲಿ ಬಂದದ್ದನ್ನೇ ಬಾಯಿಪಾಠ ಮಾಡುತ್ತಾರೆ. ಹಾಗಾಗಿಯೇ ಈ ಪತ್ರ. 1940ರಿಂದ 1960ರವರೆಗಿನ ಆಸ್ಕರ್ ವಿವರಗಳಲ್ಲಿ ಒಂದೇ ಬಗೆಯ ತಪ್ಪುಗಳು ವಾರವಾರವೂ ನುಸುಳುತ್ತಿವೆ. ಬರೆಯುವವರ ಅಸಡ್ಡೆಯಿಂದ ಆಗುತ್ತಿರುವುದು ಇದಲ್ಲ. ಆ ಕಾಲದ ಪ್ರಶಸ್ತಿಗಳ ನಿಯಮವೇ ಇಂದಿನದಕ್ಕಿಂತ ಬೇರೆ ಇತ್ತು, ಅದು ಗೊತ್ತಿಲ್ಲದೆ ಪಟ್ಟಿ ನೋಡಿದರೆ ಯಾರಿಗಾದರೂ ಕಣ್ಣು ಮೋಸ ಮಾಡುತ್ತದೆ.

ನಮ್ಮ ಜಿಲ್ಲೆಯ ಸಾಬು ವಿಚಾರದಿಂದಲೇ ಶುರು ಮಾಡುತ್ತೇವೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬುವನ್ನು ‘ಆಸ್ಕರ್ ವಿಜೇತ ನಟ’ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಸಾಬುವಿಗೆ ಆಸ್ಕರ್ ಬಂದಿಲ್ಲ, ಅದಕ್ಕೆ ನಾಮನಿರ್ದೇಶನವೂ ಆಗಿಲ್ಲ. ಮೈಸೂರಿನ ಕಾಡಿನಲ್ಲಿ ಚಿತ್ರೀಕರಣವಾದ ‘ಎಲಿಫೆಂಟ್ ಬಾಯ್’ಗೆ 1937ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಬಂತು, ಅದು ರಾಬರ್ಟ್ ಫ್ಲಾಹರ್ಟಿ ಮತ್ತು ಝೋಲ್ಟನ್ ಕೊರ್ಡಾ ಇಬ್ಬರಿಗೂ ಸೇರಿದ್ದು. ಆಸ್ಕರ್ ಬಂದದ್ದು ಸಾಬು ನಟಿಸಿದ ಮುಂದಿನ ಚಿತ್ರಗಳಿಗೆ. ‘ದಿ ಥೀಫ್ ಆಫ್ ಬಾಗ್ದಾದ್’ (1940) ನಾಲ್ಕು ನಾಮನಿರ್ದೇಶನ ಪಡೆದು ಮೂರನ್ನು ಗೆದ್ದಿತು. ಬಣ್ಣದ ಛಾಯಾಗ್ರಹಣಕ್ಕೆ ಜಾರ್ಜ್ ಪೆರಿನಾಲ್, ಬಣ್ಣದ ಕಲಾ ನಿರ್ದೇಶನಕ್ಕೆ ವಿನ್ಸೆಂಟ್ ಕೊರ್ಡಾ, ಸ್ಪೆಷಲ್ ಎಫೆಕ್ಟ್ಸ್‌ಗೆ ಲಾರೆನ್ಸ್ ಬಟ್ಲರ್ ಮತ್ತು ಜ್ಯಾಕ್ ವಿಟ್ನಿ. ಮಿಕ್ಲೋಶ್ ರೋಝಾ ಅವರ ಸಂಗೀತಕ್ಕೆ ನಾಮನಿರ್ದೇಶನವಷ್ಟೇ ಸಿಕ್ಕಿತು. ‘ಜಂಗಲ್ ಬುಕ್’ (1942) ನಾಲ್ಕು ನಾಮನಿರ್ದೇಶನ ಪಡೆದು ಒಂದನ್ನೂ ಗೆಲ್ಲಲಿಲ್ಲ. ‘ಬ್ಲ್ಯಾಕ್ ನಾರ್ಸಿಸಸ್’ (1947) ಪಡೆದದ್ದು ಎರಡು, ಗೆದ್ದದ್ದೂ ಎರಡು: ಛಾಯಾಗ್ರಾಹಕ ಜ್ಯಾಕ್ ಕಾರ್ಡಿಫ್, ಕಲಾ ನಿರ್ದೇಶಕ ಆಲ್ಫ್ರೆಡ್ ಯುಂಗೆ. ‘ಐದು ಆಸ್ಕರ್ ಗೆದ್ದ ಚಿತ್ರಗಳಲ್ಲಿ ನಟಿಸಿದವರು’ ಎಂಬ ಮಾತು ‘ಆಸ್ಕರ್ ಗೆದ್ದವರು’ ಎಂದಾದಾಗ ಪೆರಿನಾಲ್, ಕಾರ್ಡಿಫ್ ಅವರಂಥ ಕಸುಬುದಾರರ ಹೆಸರು ಅಳಿಸಿಹೋಗುತ್ತದೆ. ಸಾಬುವಿನ ಹಿರಿಮೆಗೆ ಇಲ್ಲದ ಪ್ರಶಸ್ತಿಯನ್ನು ಅಂಟಿಸುವ ಅಗತ್ಯವೂ ಇಲ್ಲ.

ಈ ಗೊಂದಲಕ್ಕೆಲ್ಲ ಮೂಲ ‘ಆಯ್ಕೆ’ ಎಂಬ ನಮ್ಮದೇ ಪದ ಎಂದು ನಮಗೆ ಅನ್ನಿಸುತ್ತದೆ. ಭಾರತ ತನ್ನ ಪರವಾಗಿ ಒಂದು ಚಿತ್ರವನ್ನು ಕಳಿಸಿದರೂ ‘ಆಸ್ಕರ್‌ಗೆ ಆಯ್ಕೆ’, ಅಂತಿಮ ಐದರಲ್ಲಿ ಬಂದರೂ ‘ಆಸ್ಕರ್‌ಗೆ ಆಯ್ಕೆ’, ಪ್ರಶಸ್ತಿ ಬಂದರೂ ‘ಆಸ್ಕರ್‌ಗೆ ಆಯ್ಕೆ’ ಎಂದೇ ತಲೆಬರಹ ಬೀಳುತ್ತದೆ. ಇವು ಮೂರು ಬೇರೆ ಬೇರೆ ಮೆಟ್ಟಿಲು. ಯಾದವಗಿರಿಯಲ್ಲಿ ಮನೆ ಮಾಡಿದ್ದ ಆರ್.ಕೆ. ನಾರಾಯಣ್ ಅವರ ಕಾದಂಬರಿ ಆಧರಿಸಿದ ‘ಗೈಡ್’ 1965ರ ಸಾಲಿಗೆ ಭಾರತದ ಪ್ರವೇಶವಾಗಿ ಹೋಯಿತು, ನಾಮನಿರ್ದೇಶನ ಆಗಲಿಲ್ಲ. ‘ಮದರ್ ಇಂಡಿಯಾ’ 1957ರ ಸಾಲಿನಲ್ಲಿ ಅಂತಿಮ ಐದರಲ್ಲಿತ್ತು. 1958ರ ಮಾರ್ಚ್ 26ರ ರಾತ್ರಿ ಪ್ರಶಸ್ತಿ ಹೋದದ್ದು ಇಟಲಿಯ ‘ನೈಟ್ಸ್ ಆಫ್ ಕ್ಯಾಬಿರಿಯಾ’ಕ್ಕೆ. ‘ಮದರ್ ಇಂಡಿಯಾ’ ‘ಒಂದೇ ಒಂದು ಓಟಿನಿಂದ ಸೋತಿತು’ ಎಂಬ ಸಾಲು ಪುರವಣಿಯಲ್ಲೂ ಬಂದಿದೆ. ಆಸ್ಕರ್ ಕೊಡುವ ಸಂಸ್ಥೆಯಾದ ಅಕಾಡೆಮಿ ಓಟಿನ ಲೆಕ್ಕವನ್ನು ಹೊರಗೆ ಬಿಡುವುದಿಲ್ಲ. ಆಗ ಎಣಿಸುತ್ತಿದ್ದದ್ದು ಪ್ರೈಸ್ ವಾಟರ್‌ಹೌಸ್ ಎಂಬ ಲೆಕ್ಕಪರಿಶೋಧಕ ಸಂಸ್ಥೆ, ಹೊರಗೆ ಬರುವುದು ಗೆದ್ದವರ ಹೆಸರು ಮಾತ್ರ. ಎಷ್ಟು ಓಟಿನ ಅಂತರ ಎಂಬ ಮಾತಿಗೆ ಆಧಾರವಿಲ್ಲ, ದಯವಿಟ್ಟು ಕೈಬಿಡಿ.

ಪ್ರವೇಶ, ನಾಮನಿರ್ದೇಶನ, ಪ್ರಶಸ್ತಿ: ಈ ಮೂರು ಪದಗಳನ್ನೇ ಸದಾ ಬಳಸಿ ‘ಆಯ್ಕೆ’ಯನ್ನು ಬದಿಗಿಟ್ಟರೆ ಅರ್ಧ ತಪ್ಪುಗಳು ತಾನಾಗಿ ಹೋಗುತ್ತವೆ.

ಇನ್ನು ಇಸವಿ. ಓದುಗರಿಂದ ಹೆಚ್ಚು ಜಗಳ ಬರುವುದು ಇಲ್ಲೇ. ಚಿತ್ರ ತೆರೆಕಂಡ ವರ್ಷ ಒಂದು, ಸಮಾರಂಭ ನಡೆಯುವುದು ಅದರ ಮುಂದಿನ ವರ್ಷ. ‘ಫ್ರಮ್ ಹಿಯರ್ ಟು ಎಟರ್ನಿಟಿ’ 1953ರ ಚಿತ್ರ, ಅದರ ಎಂಟು ಪ್ರಶಸ್ತಿಗಳನ್ನು ಕೊಟ್ಟದ್ದು 1954ರ ಮಾರ್ಚ್ 25ರಂದು. ‘1954ರ ಆಸ್ಕರ್’ ಎಂದು ಒಬ್ಬರು ಬರೆದರೆ ಇನ್ನೊಬ್ಬರು ‘1953ರ ಆಸ್ಕರ್’ ಎನ್ನುತ್ತಾರೆ. ಇಬ್ಬರೂ ಸರಿಯೇ, ಆದರೆ ಒಂದೇ ಪಟ್ಟಿಯಲ್ಲಿ ಎರಡೂ ಪದ್ಧತಿ ಬೆರೆತರೆ ಒಂದು ವರ್ಷಕ್ಕೆ ಎರಡು ಅತ್ಯುತ್ತಮ ಚಿತ್ರ ಬಂದು ಮತ್ತೊಂದು ವರ್ಷ ಖಾಲಿ ಬೀಳುತ್ತದೆ. ಕಳೆದ ಕಂತಿನಲ್ಲಿ ಆದದ್ದು ಅದೇ. ಪರೀಕ್ಷಿಸಲು ಸುಲಭದ ಲೆಕ್ಕವಿದೆ. ಸಮಾರಂಭದ ಕ್ರಮಸಂಖ್ಯೆಗೆ 1927 ಕೂಡಿಸಿದರೆ ಚಿತ್ರಗಳ ವರ್ಷ, 1928 ಕೂಡಿಸಿದರೆ ಸಮಾರಂಭದ ವರ್ಷ. 23ನೆಯ ಸಮಾರಂಭ ಎಂದರೆ 1950ರ ಚಿತ್ರಗಳು, ನಡೆದದ್ದು 1951ರಲ್ಲಿ. 7ನೆಯ ಸಮಾರಂಭದಿಂದ ಮುಂದಕ್ಕೆ ಈ ಲೆಕ್ಕ ಕೂಡುತ್ತದೆ. ಅದಕ್ಕೂ ಹಿಂದಿನ ಆರು ಸಮಾರಂಭಗಳ ಅವಧಿ ಜನವರಿಯಿಂದ ಡಿಸೆಂಬರ್‌ವರೆಗೆ ಇರಲಿಲ್ಲ, ಎರಡು ವರ್ಷಗಳಿಗೆ ಹರಡಿಕೊಂಡಿತ್ತು. ಅಲ್ಲಿ 1927–28 ಎಂಬಂತೆ ಜೋಡಿ ಇಸವಿಯನ್ನೇ ಹಾಕಬೇಕು.

ಚಿತ್ರದ ವರ್ಷ ಎಂದರೂ ಅದು ಮೊದಲು ಎಲ್ಲಿ ತೆರೆಕಂಡಿತೋ ಆ ವರ್ಷ ಆಗಬೇಕೆಂದಿಲ್ಲ. ಅಕಾಡೆಮಿಗೆ ಬೇಕಿದ್ದದ್ದು ಲಾಸ್ ಏಂಜಲೀಸ್‌ನಲ್ಲಿ ಟಿಕೆಟ್ ಮಾರಿ ನಡೆದ ಪ್ರದರ್ಶನ. ‘ಕ್ಯಾಸಬ್ಲಾಂಕಾ’ ನ್ಯೂಯಾರ್ಕ್‌ನಲ್ಲಿ ಮೊದಲು ಪ್ರದರ್ಶನಗೊಂಡದ್ದು 1942ರ ನವೆಂಬರ್‌ನಲ್ಲಿ, ಉಳಿದೆಡೆ ಬಿಡುಗಡೆಯಾದದ್ದು 1943ರ ಜನವರಿಯಲ್ಲಿ. ಆದ್ದರಿಂದ ಅದು 1943ರ ಚಿತ್ರಗಳ ಜೊತೆ ಸ್ಪರ್ಧಿಸಿ, 1944ರ ಮಾರ್ಚ್ 2ರಂದು ಚಿತ್ರ, ನಿರ್ದೇಶನ, ಚಿತ್ರಕಥೆಗೆ ಮೂರು ಪ್ರಶಸ್ತಿ ಪಡೆಯಿತು. 1942ರ ಸಾಲಿನ ಪಟ್ಟಿಯಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ. ಇದರ ತುತ್ತತುದಿ ಚಾರ್ಲಿ ಚಾಪ್ಲಿನ್ ಅವರ ‘ಲೈಮ್‌ಲೈಟ್’. 1952ರ ಆ ಚಿತ್ರ ಲಾಸ್ ಏಂಜಲೀಸ್‌ಗೆ ಬಂದದ್ದು 1972ರಲ್ಲಿ, ಅದರ ಸಂಗೀತಕ್ಕೆ ಚಾಪ್ಲಿನ್‌ಗೆ ಆಸ್ಕರ್ ಬಂದದ್ದು 1973ರ ಸಮಾರಂಭದಲ್ಲಿ. ‘1952ರ ಪ್ರಶಸ್ತಿ’ ಎಂದು ಅಚ್ಚಾದದ್ದನ್ನು ತಿದ್ದಬೇಕು.

ಜಪಾನಿನ ನಿರ್ದೇಶಕ ಕುರೊಸಾವಾ ಅವರ ‘ರಾಶೋಮೋನ್’ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದು ‘ಅತ್ಯುತ್ತಮ ವಿದೇಶಿ ಭಾಷಾ ಚಿತ್ರ ವಿಭಾಗದಲ್ಲಿ ನಾಲ್ಕು ಚಿತ್ರಗಳನ್ನು ಸೋಲಿಸಿತು’ ಎಂದು ತಾವು ಪ್ರಕಟಿಸಿದ್ದೀರಿ. ಆಗ ಅಂಥ ಸ್ಪರ್ಧೆಯೇ ಇರಲಿಲ್ಲ. 1956ರ ಚಿತ್ರಗಳಿಂದಷ್ಟೇ ಅದು ಐದು ನಾಮನಿರ್ದೇಶನಗಳ ಸ್ಪರ್ಧೆಯಾಯಿತು, ಮೊದಲು ಗೆದ್ದದ್ದು ಫೆಲಿನಿಯವರ ‘ಲಾ ಸ್ಟ್ರಾಡಾ’. ಅದಕ್ಕೆ ಮುಂಚೆ ಕೊಡುತ್ತಿದ್ದದ್ದು ಗೌರವ ಪ್ರಶಸ್ತಿ. ‘ಬೈಸಿಕಲ್ ಥೀವ್ಸ್’, ‘ರಾಶೋಮೋನ್’, ‘ಗೇಟ್ ಆಫ್ ಹೆಲ್’ ಪಡೆದದ್ದು ಅದನ್ನೇ. ಅಲ್ಲಿ ಸೋತವರು ಯಾರೂ ಇಲ್ಲ, 1953ರ ಸಾಲಿಗಂತೂ ಯಾವ ಚಿತ್ರಕ್ಕೂ ಅದನ್ನು ಕೊಡಲೇ ಇಲ್ಲ. ‘ರಾಶೋಮೋನ್’ ಮರುವರ್ಷ ಕಪ್ಪು ಬಿಳುಪು ಕಲಾ ನಿರ್ದೇಶನದಲ್ಲಿ ನಾಮನಿರ್ದೇಶನವನ್ನೂ ಪಡೆಯಿತು. ಒಂದೇ ಚಿತ್ರ ಎರಡು ಸಮಾರಂಭಗಳಲ್ಲಿ ಕಂಡರೆ ಅದು ಮುದ್ರಣದೋಷವೆಂದು ಒಂದನ್ನು ಹೊಡೆದು ಹಾಕಬೇಡಿ.

ಈ ಕಪ್ಪು ಬಿಳುಪು, ಬಣ್ಣ ಎಂಬ ವಿಂಗಡಣೆಯನ್ನು ಪುರವಣಿಯಲ್ಲಿ ಒಮ್ಮೆಯೂ ಕಾಣಿಸಿಲ್ಲ. ಆ ಕಾಲದಲ್ಲಿ ಛಾಯಾಗ್ರಹಣಕ್ಕೆ ಒಂದೇ ವರ್ಷ ಎರಡು ಪ್ರಶಸ್ತಿ. 1950ರ ಸಾಲಿಗೆ ಕಪ್ಪು ಬಿಳುಪಿನಲ್ಲಿ ‘ದಿ ಥರ್ಡ್ ಮ್ಯಾನ್’ನ ರಾಬರ್ಟ್ ಕ್ರಾಸ್ಕರ್, ಬಣ್ಣದಲ್ಲಿ ‘ಕಿಂಗ್ ಸಾಲೊಮನ್ಸ್ ಮೈನ್ಸ್’ನ ರಾಬರ್ಟ್ ಸರ್ಟೀಸ್. ತಾವು ಒಬ್ಬರನ್ನೇ ಹಾಕಿ ಇನ್ನೊಬ್ಬರನ್ನು ಬಿಟ್ಟಿದ್ದೀರಿ. ವಸ್ತ್ರವಿನ್ಯಾಸಕ್ಕೂ 1948ರ ಚಿತ್ರಗಳಿಂದ ಹೀಗೇ ಎರಡು. ಎಡಿತ್ ಹೆಡ್ 1951ರ ಆ ಒಂದೇ ರಾತ್ರಿ ಎರಡನ್ನೂ ಗೆದ್ದರು: ಕಪ್ಪು ಬಿಳುಪಿಗೆ ‘ಆಲ್ ಅಬೌಟ್ ಈವ್’ (ಚಾರ್ಲ್ಸ್ ಲೆಮೇರ್ ಜೊತೆ), ಬಣ್ಣಕ್ಕೆ ‘ಸ್ಯಾಮ್ಸನ್ ಅಂಡ್ ಡಿಲೈಲಾ’. ಸಂಗೀತವೂ ಹಾಗೆಯೇ. ಕಥಾಚಿತ್ರದ ಹಿನ್ನೆಲೆ ಸಂಗೀತ, ಸಂಗೀತಪ್ರಧಾನ ಚಿತ್ರದ ಸಂಗೀತ, ಹಾಡು ಎಂದು ಮೂರು. ಬರಿ ‘ಅತ್ಯುತ್ತಮ ಸಂಗೀತ’ ಎಂದರೆ ಯಾವುದು ಎಂದು ತಿಳಿಯುವ ಬಗೆ ಇಲ್ಲ.

‘ಆಲ್ ಅಬೌಟ್ ಈವ್’ ಮಾತು ಬಂದದ್ದರಿಂದ ಹೇಳಬೇಕು: ಅದು ನಾಮನಿರ್ದೇಶನಕ್ಕೂ ಗೆಲುವಿಗೂ ಇರುವ ದೂರವನ್ನು ಚೆನ್ನಾಗಿ ತೋರಿಸುವ ಚಿತ್ರ. ನಾಮನಿರ್ದೇಶನ 14, ಗೆದ್ದದ್ದು 6. ಬೆಟ್ಟಿ ಡೇವಿಸ್ ಅವರಿಗೆ ಈ ಚಿತ್ರಕ್ಕೆ ಆಸ್ಕರ್ ಬಂತೆಂದು ತಾವು ಬರೆದಿದ್ದೀರಿ, ಬಂದಿಲ್ಲ. ಅವರ ಎರಡು ಆಸ್ಕರ್ ‘ಡೇಂಜರಸ್’ (1935), ‘ಜೆಝೆಬೆಲ್’ (1938) ಚಿತ್ರಗಳವು. ಡೇವಿಸ್ ಮತ್ತು ಆ್ಯನ್ ಬ್ಯಾಕ್ಸ್ಟರ್ ಇಬ್ಬರೂ ಒಂದೇ ಚಿತ್ರದಿಂದ ನಾಯಕಿ ವಿಭಾಗದಲ್ಲೇ ನಿಂತರು. ಎದುರಿಗೆ ‘ಸನ್‌ಸೆಟ್ ಬುಲೆವಾರ್ಡ್’ನ ಗ್ಲೋರಿಯಾ ಸ್ವಾನ್ಸನ್, ‘ಕೇಜ್ಡ್’ನ ಎಲೀನರ್ ಪಾರ್ಕರ್. ಗೆದ್ದವರು ‘ಬಾರ್ನ್ ಯೆಸ್ಟರ್‌ಡೇ’ಯ ಜೂಡಿ ಹಾಲಿಡೇ. ಪೋಷಕ ನಟಿಯಲ್ಲೂ ಅದೇ ಚಿತ್ರದ ಸೆಲೆಸ್ಟ್ ಹೋಮ್, ಥೆಲ್ಮಾ ರಿಟ್ಟರ್ ಇಬ್ಬರೂ ಇದ್ದು ಪ್ರಶಸ್ತಿ ‘ಹಾರ್ವೇ’ಯ ಜೋಸೆಫೀನ್ ಹಲ್‌ಗೆ ಹೋಯಿತು. ‘ಆನ್ ದ ವಾಟರ್‌ಫ್ರಂಟ್’ (1954) ಕೂಡ ಹಾಗೆ: ಮಾರ್ಲನ್ ಬ್ರಾಂಡೊ ನಾಯಕ ನಟನಾಗಿ ಗೆದ್ದರು, ಆದರೆ ಪೋಷಕ ನಟ ವಿಭಾಗದಲ್ಲಿ ಒಂದೇ ಚಿತ್ರದ ಮೂವರು, ಲೀ ಜೆ. ಕಾಬ್, ಕಾರ್ಲ್ ಮಾಲ್ಡನ್, ರಾಡ್ ಸ್ಟೈಗರ್, ಒಬ್ಬರೂ ಗೆಲ್ಲಲಿಲ್ಲ. ಅದು ‘ದಿ ಬೇರ್‌ಫುಟ್ ಕಾಂಟೆಸ್ಸಾ’ದ ಎಡ್ಮಂಡ್ ಒಬ್ರಿಯನ್ ಪಾಲಾಯಿತು. ಒಂದೇ ಚಿತ್ರದ ಅಭಿಮಾನಿಗಳ ಓಟು ಹಂಚಿಹೋಯಿತು ಎಂದು ಊಹಿಸುವುದು ಸಹಜ. ಊಹೆಯನ್ನು ಊಹೆ ಎಂದೇ ಬರೆಯಬೇಕು, ಓಟಿನ ಲೆಕ್ಕ ಯಾರ ಕೈಯಲ್ಲೂ ಇಲ್ಲವಲ್ಲ.

ಒಟ್ಟು ಎಷ್ಟು ಆಸ್ಕರ್ ಎಂಬ ಎಣಿಕೆಯಲ್ಲೂ ಒಂದು ತೊಡಕಿದೆ. ‘ಗಾನ್ ವಿತ್ ದ ವಿಂಡ್’ಗೆ ಎಂಟು ಎಂದೂ ಹತ್ತು ಎಂದೂ ಎರಡು ವಾರಗಳಲ್ಲಿ ಬಂದಿದೆ. ಸ್ಪರ್ಧೆಯಲ್ಲಿ ಗೆದ್ದದ್ದು ಎಂಟು, ಅದರ ಜೊತೆ ಎರಡು ವಿಶೇಷ ಗೌರವಗಳು. ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ (1946) ಸ್ಪರ್ಧೆಯಲ್ಲಿ ಗೆದ್ದದ್ದು ಏಳು. ಯುದ್ಧದ ಕಾಲದಲ್ಲಿ ಎರಡೂ ಕೈ ಕಳೆದುಕೊಂಡಿದ್ದ ಹೆರಾಲ್ಡ್ ರಸೆಲ್ ಅವರಿಗೆ ಆ ಒಂದೇ ಪಾತ್ರಕ್ಕೆ ಪೋಷಕ ನಟ ಪ್ರಶಸ್ತಿಯೂ ಬಂತು, ಬೇರೆಯಾಗಿ ಗೌರವ ಪ್ರಶಸ್ತಿಯೂ ಬಂತು. ‘7 + 1’ ಎಂದು ಬಿಡಿಸಿ ಬರೆದರೆ ಜಗಳವಿಲ್ಲ. ‘ಬೆನ್ ಹರ್’ (1959) ಬಗ್ಗೆ ಮಾತ್ರ ತಾವು ಕೊಟ್ಟದ್ದು ಪೂರ್ತಿ ಸರಿ: ನಾಮನಿರ್ದೇಶನ 12, ಗೆಲುವು 11, ಕೈತಪ್ಪಿದ್ದು ಆಧಾರಿತ ಚಿತ್ರಕಥೆ ಒಂದೇ.

ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ನಿರ್ದೇಶಕರ ಹೆಸರಿಗೆ ಬರೆಯುವುದೂ ತಪ್ಪು. 1950ರ ಚಿತ್ರಗಳವರೆಗೆ ಅದು ನಿರ್ಮಾಣ ಸಂಸ್ಥೆಗೆ, ಆಮೇಲೆ ನಿರ್ಮಾಪಕರಿಗೆ. ‘ರೆಬೆಕಾ’ (1940) ಅತ್ಯುತ್ತಮ ಚಿತ್ರವಾಯಿತು, ಅದರ ನಿರ್ದೇಶಕ ಹಿಚ್‌ಕಾಕ್ ಅವರಿಗೆ ನಿರ್ದೇಶನದ ಆಸ್ಕರ್ ಬರಲಿಲ್ಲ. ಐದು ಬಾರಿ ನಾಮನಿರ್ದೇಶನವಾದರೂ ಅವರು ಒಮ್ಮೆಯೂ ಗೆಲ್ಲಲಿಲ್ಲ.

ಬರಹಗಾರರ ಸಾಲುಗಳಲ್ಲಿ ಹೆಸರೇ ಬೇರೆ, ಬರೆದವರೇ ಬೇರೆ. ಕಮ್ಯುನಿಸ್ಟರೆಂಬ ಆರೋಪದ ಮೇಲೆ ಕಪ್ಪುಪಟ್ಟಿಗೆ ಸೇರಿದ್ದ ಡಾಲ್ಟನ್ ಟ್ರಂಬೊ ‘ರೋಮನ್ ಹಾಲಿಡೇ’ (1953) ಕಥೆ ಬರೆದರು, ಆಸ್ಕರ್ ದಾಖಲಾದದ್ದು ಇಯಾನ್ ಮೆಕ್‌ಲೆಲನ್ ಹಂಟರ್ ಹೆಸರಿಗೆ. ‘ದಿ ಬ್ರೇವ್ ಒನ್’ (1956) ಕಥೆಗೆ ಗೆದ್ದ ‘ರಾಬರ್ಟ್ ರಿಚ್’ ಎಂಬ ಬರಹಗಾರರೇ ಇರಲಿಲ್ಲ, ಅದೂ ಟ್ರಂಬೊ. ಆ ಪ್ರತಿಮೆ ಅವರ ಕೈಸೇರಿದ್ದು 1975ರಲ್ಲಿ. ‘ದಿ ಬ್ರಿಜ್ ಆನ್ ದ ರಿವರ್ ಕ್ವಾಯ್’ (1957) ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್, ಮೈಕೆಲ್ ವಿಲ್ಸನ್ ಇಬ್ಬರಿಗೂ ಮನ್ನಣೆ ಸಿಕ್ಕಿದ್ದು ಅವರು ತೀರಿಕೊಂಡ ಮೇಲೆ. ಆಗ ಅಚ್ಚಾದ ಪಟ್ಟಿಗೂ ಇಂದಿನ ಪಟ್ಟಿಗೂ ಇಲ್ಲಿ ತಾಳೆಯಾಗುವುದಿಲ್ಲ. ಹಳೆಯ ಪುಸ್ತಕ ನೋಡಿ ನಕಲು ಮಾಡುವವರು ಇದನ್ನು ಮರೆಯಬಾರದು. ಅಕಾಡೆಮಿಯೂ ಒಮ್ಮೆ ಹೆಸರಿನಲ್ಲಿ ಎಡವಿದೆ: 1956ರ ಸಾಲಿಗೆ ‘ಹೈ ಸೊಸೈಟಿ’ ಎಂಬ ಸಂಗೀತ ಚಿತ್ರ ಬಂದಿದ್ದಾಗ, ಅದೇ ಹೆಸರಿನ ಸಣ್ಣ ಹಾಸ್ಯಚಿತ್ರವೊಂದರ ಬರಹಗಾರರಿಗೆ ಕಥೆಯ ನಾಮನಿರ್ದೇಶನ ಬಂತು. ಅವರು ತಾವಾಗಿಯೇ ಹಿಂದೆ ಸರಿದರು.

ಪತ್ರಿಕೆಗಳಿಗೂ ಈ ಚರಿತ್ರೆಯಲ್ಲಿ ಪಾಲಿದೆ. 1940ರ ಫೆಬ್ರವರಿ 29ರಂದು ಗೆದ್ದವರ ಹೆಸರುಗಳನ್ನು, ರಾತ್ರಿ ಹೊತ್ತು ಮೀರಿದ ಮೇಲಷ್ಟೇ ಹಾಕಬೇಕೆಂಬ ಷರತ್ತಿನೊಂದಿಗೆ ಪತ್ರಿಕೆಗಳಿಗೆ ಮೊದಲೇ ಕೊಟ್ಟಿದ್ದರು. ಲಾಸ್ ಏಂಜಲೀಸ್ ಟೈಮ್ಸ್ ಸಂಜೆಯ ಮುದ್ರಣದಲ್ಲೇ ಹಾಕಿಬಿಟ್ಟಿತು. ಸಮಾರಂಭಕ್ಕೆ ಬಂದವರು ಫಲಿತಾಂಶ ಓದಿಕೊಂಡೇ ಬಂದರು. ಮರುವರ್ಷದಿಂದ ಮೊಹರು ಹಾಕಿದ ಲಕೋಟೆ ಬಂತು. ಹಾಗೆ ಮೊದಲ ಬಾರಿಗೆ ಲಕೋಟೆ ಒಡೆದ ರಾತ್ರಿಯೇ ‘ದಿ ಥೀಫ್ ಆಫ್ ಬಾಗ್ದಾದ್’ ಗೆದ್ದದ್ದು.

ಮುಂದಿನ ಕಂತುಗಳಲ್ಲಿ ಪ್ರತಿ ಚಿತ್ರಕ್ಕೂ ಐದು ವಿವರ ಸಾಕು: ಚಿತ್ರದ ವರ್ಷ, ಸಮಾರಂಭದ ಸಂಖ್ಯೆ ಮತ್ತು ದಿನ, ವಿಭಾಗದ ಪೂರ್ಣ ಹೆಸರು, ಯಾರಿಗೆ, ಫಲಿತಾಂಶ. ಜಾಗ ಕಡಿಮೆಯಿದ್ದರೆ ವಿಶೇಷಣಗಳನ್ನು ಬಿಡಿ, ಈ ಐದನ್ನು ಬಿಡಬೇಡಿ. ಸಾಬು ಬಗೆಗಿನ ತಿದ್ದುಪಡಿಯನ್ನು ಹೀಗೆ ಹಾಕಬಹುದು:

‘ದಿ ಥೀಫ್ ಆಫ್ ಬಾಗ್ದಾದ್, 1940. 13ನೆಯ ಸಮಾರಂಭ, 27 ಫೆಬ್ರವರಿ 1941. ಛಾಯಾಗ್ರಹಣ (ಬಣ್ಣ), ಜಾರ್ಜ್ ಪೆರಿನಾಲ್: ಪ್ರಶಸ್ತಿ. ಕಲಾ ನಿರ್ದೇಶನ (ಬಣ್ಣ), ವಿನ್ಸೆಂಟ್ ಕೊರ್ಡಾ: ಪ್ರಶಸ್ತಿ. ಸ್ಪೆಷಲ್ ಎಫೆಕ್ಟ್ಸ್, ಲಾರೆನ್ಸ್ ಬಟ್ಲರ್ ಮತ್ತು ಜ್ಯಾಕ್ ವಿಟ್ನಿ: ಪ್ರಶಸ್ತಿ. ಸಂಗೀತ (ಸ್ವತಂತ್ರ ರಚನೆ), ಮಿಕ್ಲೋಶ್ ರೋಝಾ: ನಾಮನಿರ್ದೇಶನ. ಅಬುವಿನ ಪಾತ್ರದಲ್ಲಿ ಕಾರಾಪುರದ ಸಾಬು.’

— ಹಳೆಯ ಚಿತ್ರಗಳ ಆಸಕ್ತರು, ಸರಸ್ವತಿಪುರಂ, ಮೈಸೂರು