ದಮ್ಮಿನ ಪುಡಿ ಮಾರುವವರನ್ನು ತಡೆಯಿರಿ

ಮಾನ್ಯ ಸಂಪಾದಕರೇ,

ಮೆಕ್ಕೆಜೋಳ ಒಕ್ಕುವ ಕಾಲ ಬಂತೆಂದರೆ ದಾವಣಗೆರೆ ಸುತ್ತಮುತ್ತ ಎಲ್ಲಿ ನೋಡಿದರೂ ದೂಳು. ಕೆಮ್ಮು, ದಮ್ಮು ಇರುವವರ ಪಾಡು ಹೇಳತೀರದು. ಸರಿಯಾಗಿ ಅದೇ ಹೊತ್ತಿಗೆ ಸಂತೆಗಳಲ್ಲಿ ‘ದಮ್ಮು ಬುಡಸಮೇತ ವಾಸಿ’ ಎಂದು ಬೋರ್ಡು ಹಾಕಿಕೊಂಡು ಗಿಡಮೂಲಿಕೆ ಪುಡಿ ಮಾರುವವರು ಬಂದು ಕೂರುತ್ತಾರೆ.

ನಾಟಿ ಮದ್ದಿನ ಮೇಲೆ ನನಗೆ ನಂಬಿಕೆಯಿದೆ. ನೆಗಡಿಯಾದರೆ ನಮ್ಮ ಮನೆಯಲ್ಲಿ ಈಗಲೂ ಮೊದಲು ಹುಡುಕುವುದು ಹಿತ್ತಲಿನ ದೊಡ್ಡಪತ್ರೆಯನ್ನೇ. ಕಫ ಕಟ್ಟಿದರೆ ಆಡುಸೋಗೆ. ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಅಂಗೈಯಲ್ಲಿ ಹೊಸಕಿ, ಬಟ್ಟೆಗೆ ಹಾಕಿ ಹಿಂಡಿದರೆ ಕಡುಹಸಿರು ರಸ ಇಳಿಯುತ್ತದೆ. ಕಹಿ ಅಂದರೆ ಕಹಿ, ಜೇನುತುಪ್ಪ ಬೇಕೇ ಬೇಕು. (ಬಸುರಿಯರಿಗೆ ಆಡುಸೋಗೆ ಕೊಡಬಾರದು, ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು.) ಇದು ಸುಮ್ನೆ ಅಜ್ಜಿಯರ ಮಾತಲ್ಲ. ಕೆಮ್ಮಿನ ಸಿರಪ್‌ಗಳಲ್ಲಿರುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದೇ ಈ ಗಿಡದ ವ್ಯಾಸಿಸಿನ್ ಎಂಬ ಅಂಶದ ಜಾಡು ಹಿಡಿದು.

ಆದರೆ ಕಫ ಸಡಿಲ ಮಾಡುವುದೇ ಬೇರೆ, ದಮ್ಮು ವಾಸಿ ಮಾಡುತ್ತೇವೆ ಅನ್ನುವುದೇ ಬೇರೆ. ನಮ್ಮ ಬೀದಿಯ ಹಿರಿಯರೊಬ್ಬರು ಸಂತೆಯ ಪುಡಿ ನಂಬಿ ಇನ್ಹೇಲರ್ ಬಿಟ್ಟರು. ಮೊದಮೊದಲು ಹಾಯಾಗಿತ್ತಂತೆ. ಒಂದು ರಾತ್ರಿ ಎರಡು ಮಾತಾಡಲೂ ಉಸಿರು ಸಾಲದೆ, ಅವರನ್ನು ಆಟೊದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಬೇಕಾಯಿತು. ಇಂಥ ಪುಡಿಗಳಿಗೆ ಸ್ಟಿರಾಯ್ಡ್ ಬೆರೆಸಿರುವುದು ದೇಶದಲ್ಲಿ ಹಲವು ಸಲ ಪರೀಕ್ಷೆಯಲ್ಲಿ ಪತ್ತೆಯಾಗಿದೆ. ಸ್ಟಿರಾಯ್ಡ್ ಇದ್ದರೆ ಮೊದಲು ಆರಾಮ ಅನ್ನಿಸುತ್ತದೆ. ಒಳಗೊಳಗೇ ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಪೊಟ್ಟಣದ ಮೇಲೆ ಏನೂ ಬರೆದಿರದಿದ್ದರೆ ಬಡವರಿಗೆ ಹೇಗೆ ಗೊತ್ತಾಗಬೇಕು?

ಅಸ್ತಮಾ ವಾಸಿ ಮಾಡುತ್ತೇವೆಂದು ಜಾಹೀರಾತು ಮಾಡುವುದೇ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯಲ್ಲಿ ಅಪರಾಧ. ಆಯುರ್ವೇದ ಔಷಧಿ ತಯಾರಿಸಿ ಮಾರಲು ಲೈಸೆನ್ಸ್ ಬೇಕು, ಅದರ ನಂಬರು ಪೊಟ್ಟಣದ ಮೇಲಿರಬೇಕು. ಕಾನೂನು ಇಷ್ಟು ಸ್ಪಷ್ಟವಾಗಿರುವಾಗ ಬೋರ್ಡು ರಾಜಾರೋಷವಾಗಿ ನೇತಾಡುವುದು ಸರಿಯಲ್ಲ.

ಔಷಧ ನಿಯಂತ್ರಣ ಮತ್ತು ಆಯುಷ್ ಅಧಿಕಾರಿಗಳು ಸಂತೆಯ ದಿನವೇ ಬಂದು ಪುಡಿಯ ಸ್ಯಾಂಪಲ್ ಒಯ್ಯಲಿ, ಪರೀಕ್ಷೆಯಲ್ಲಿ ಏನು ಸಿಕ್ಕಿತೆಂದು ಪತ್ರಿಕೆಯಲ್ಲೇ ತಿಳಿಸಲಿ. ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ಮಾತು ಮುಟ್ಟಲಿ: ಕಷಾಯ ಕುಡಿಯಿರಿ, ಇನ್ಹೇಲರ್ ಮಾತ್ರ ಬಿಡಬೇಡಿ. ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕ್ಷಯವೇನಾದರೂ ಇದೆಯೇ ಎಂದು ಕಫ ಪರೀಕ್ಷೆ ಮಾಡಿಸಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

— ಓದುಗರೊಬ್ಬರು, ನಿಟ್ಟುವಳ್ಳಿ, ದಾವಣಗೆರೆ