ಮರ ಹತ್ತಿ ಗೆಲ್ಲು ಸವರುವವರಿಗೂ ಒಂದು ತರಬೇತಿ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಾನು ಹಿರಿಯಡಕದ ಕಡೆಯವನು. 26 ವರ್ಷದಿಂದ ಮರ ಹತ್ತುವ ಕೆಲಸ ಮಾಡುತ್ತಿದ್ದೇನೆ. ಶುರು ಮಾಡಿದ್ದು ಅಡಿಕೆ, ತೆಂಗಿನಿಂದ. ಈಗ ಹೆಚ್ಚಾಗಿ ಉಡುಪಿ, ಮಣಿಪಾಲ ಕಡೆಯ ಮನೆಗಳಲ್ಲಿ ಮಾವು, ಹಲಸು, ಗೋಳಿ ಮರಗಳ ಗೆಲ್ಲು ಸವರುವ ಕೆಲಸ. ಈ ಮಳೆಗಾಲದಲ್ಲಿ ಬಿದ್ದ ಮರಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಪತ್ರಗಳನ್ನೆಲ್ಲ ಓದಿದೆ. ಕೆಲವರು ಅಪಾಯದ ಮರಗಳನ್ನು ಕಡಿದು ಹಾಕಿ ಅನ್ನುತ್ತಾರೆ. ಕೆಲವರು ಒಂದನ್ನೂ ಮುಟ್ಟಬೇಡಿ ಅನ್ನುತ್ತಾರೆ. ಮರ ಹತ್ತಿ ಕತ್ತಿ ಹಿಡಿಯುವವನು, ಮರಕ್ಕೆ ಮದ್ದು ಹೊಡೆಯುವವನು ಯಾರು, ಅವನಿಗೆ ಆ ಕೆಲಸ ಯಾರು ಕಲಿಸಿದರು ಎಂದು ಮಾತ್ರ ಯಾರೂ ಕೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಜೂನ್ ತಿಂಗಳಲ್ಲಿ ಪರ್ಕಳದ ಹತ್ತಿರ ಒಂದು ಮನೆಗೆ ಹೋಗಿದ್ದೆ. ಮಾವಿನ ಗೆಲ್ಲೊಂದು ಮನೆಯ ಮಾಡಿನ ಹಂಚಿಗೆ ತಾಗುತ್ತಿತ್ತು. ಮನೆಯಲ್ಲಿ ಎಪ್ಪತ್ತು ದಾಟಿದ ಅಮ್ಮ ಒಬ್ಬರೇ. ಕೆಲಸ ಮುಗಿಸಿ ಕೈಕಾಲು ತೊಳೆಯಲು ಬಾವಿ ಹತ್ತಿರ ಹೋದೆ. "ಆ ನೀರು ಬೇಡ ಮಗಾ, ಬೇರೆ ನೀರು ಕೊಡ್ತೇನೆ" ಅಂದರು. "ಯಾಕಮ್ಮ?" ಅಂದೆ. ಅವರು ಏನೂ ಹೇಳದೆ ಹಗ್ಗ ಬಿಟ್ಟು ಒಂದು ಕೊಡಪಾನ ನೀರು ಸೇದಿ ನನ್ನ ಮುಂದೆ ಇಟ್ಟರು. ನೋಡಲು ತಿಳಿ ನೀರೇ. ಬಗ್ಗಿ ಮೂಸಿದರೆ ಸೀಮೆಎಣ್ಣೆ ಬೆರೆಸಿದ ಹಾಗೆ ವಾಸನೆ.

ಆಗಿದ್ದು ಇಷ್ಟು. ಏಪ್ರಿಲ್‌ನಲ್ಲಿ ಮಾವಿನ ಕಾಂಡದ ಮೇಲೆ ಗೆದ್ದಲಿನ ಮಣ್ಣು ಕಂಡಿತು. ಮದ್ದು ಹೊಡೆಯುವ ಪಂಪು ಹೆಗಲಿಗೆ ಹಾಕಿಕೊಂಡು ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬನನ್ನು ಕರೆದರು. ಅವನು ಮರದ ಸುತ್ತ ನಾಲ್ಕು ಗುಂಡಿ ತೋಡಿ ಮದ್ದು ಸುರಿದು, 600 ರೂಪಾಯಿ ತೆಗೆದುಕೊಂಡು ಹೋದ. ಮರಕ್ಕೂ ಬಾವಿಗೂ ನಡುವೆ ಎಂಟು ಅಡಿಯೂ ಇಲ್ಲ. ನಮ್ಮದು ಮುರಕಲ್ಲಿನ ನೆಲ, ಅಲ್ವಾ? ತೂತು ತೂತಾದ ಕಲ್ಲು. ಮೇಲೆ ಬಿದ್ದ ನೀರು ನೇರ ಬಾವಿಗೆ ಇಳಿಯುತ್ತದೆ. ಮೊದಲ ದೊಡ್ಡ ಮಳೆ ಬಂದ ಮೇಲೆ ಆ ವಾಸನೆ ಶುರುವಾಯಿತಂತೆ. ಯಾವ ಮದ್ದು ಎಂದು ಕೇಳಿದೆ. "ಗೊತ್ತಿಲ್ಲ ಮಗಾ, ನೀರಿನ ಬಾಟ್ಲಿಯಲ್ಲಿ ತಂದಿದ್ದ" ಅಂದರು.

ಗೆದ್ದಲು ಹೆಚ್ಚಾಗಿ ತಿನ್ನುವುದು ಒಣಗಿದ ತೊಗಟೆಯನ್ನು. ನಾನು ಹಿಡಿಸೂಡಿಯಿಂದ ಆ ಮಣ್ಣು ಉಜ್ಜಿ ತೆಗೆದು ಅಮ್ಮನಿಗೆ ತೋರಿಸಿದೆ. ಒಳಗೆ ಹಸಿ ತೊಗಟೆ ಗಟ್ಟಿಯಾಗಿಯೇ ಇತ್ತು. ಆ ಮರಕ್ಕೆ ಮದ್ದೇ ಬೇಕಿರಲಿಲ್ಲ.

ನನಗೆ ಆ ಬಾಟಲಿಯ ಮಾತು ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು. 2001ರಲ್ಲಿ ಒಂದು ಗೇರು ತೋಪಿನಲ್ಲಿ ಚಿಗುರಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆ ಮದ್ದು ಹೊಡೆಯಲು ಹೋಗಿದ್ದೆ. ಬರೀ ಬನಿಯನ್, ಲುಂಗಿ. ಮೂಗಿಗೆ ಬೈರಾಸ, ಅಂದರೆ ಟವೆಲು. ಗಾಳಿ ತಿರುಗಿದಾಗೆಲ್ಲ ಮೈಮೇಲೆ ತುಂತುರು ಬೀಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬಾಯಲ್ಲಿ ಜೊಲ್ಲು ನಿಲ್ಲುತ್ತಿರಲಿಲ್ಲ. ಮೈಯೆಲ್ಲ ಬೆವರು, ಕಣ್ಣು ಮಂಜು, ವಾಂತಿ. ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಡಾಕ್ಟರು ಮೊದಲು ಕೇಳಿದ್ದೇ "ಯಾವ ಮದ್ದು? ಬಾಟ್ಲಿ ಎಲ್ಲಿ?" ಎಂದು. ತೋಪಿನ ಯಜಮಾನರ ಮಗ ಬೈಕಿನಲ್ಲಿ ಹೋಗಿ ಬಾಟಲಿ ತಂದ. ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಅದನ್ನು ನೋಡಿ ಆ ವಿಷ ಇಳಿಸುವ ಅಟ್ರೊಪಿನ್ ಇಂಜೆಕ್ಷನ್ ಕೊಟ್ಟರು. ಐದು ದಿನ ಮಲಗಿದ್ದೆ. ಆ ಬಾಟಲಿಯ ಮೇಲೆ ವಜ್ರದ ಆಕಾರದ ಗುರುತು, ಅದರ ಕೆಳಗಿನ ಅರ್ಧ ಕೆಂಪು. ಕೆಂಪು ಎಂದರೆ ಅತಿ ಹೆಚ್ಚು ವಿಷ. ಆಮೇಲೆ ಹಳದಿ, ನೀಲಿ, ಕಡಿಮೆ ವಿಷಕ್ಕೆ ಹಸಿರು. ಇದನ್ನು ನನಗೆ ಹೇಳಿಕೊಟ್ಟದ್ದು ಆಸ್ಪತ್ರೆಯ ನರ್ಸ್ ಅಕ್ಕ. ಅದಕ್ಕೂ ಮೊದಲು ಎರಡು ವರ್ಷ ಪಂಪು ಹೊತ್ತಿದ್ದೆ, ಒಬ್ಬರೂ ಹೇಳಿರಲಿಲ್ಲ. ನಮ್ಮ ಕಡೆ ಜ್ವರದ ಗುಳಿಗೆಯೂ ಮದ್ದು, ಇದೂ ಮದ್ದು. ಆ ಹೆಸರು ಕೇಳಿದರೆ ಯಾರಿಗೂ ಹೆದರಿಕೆ ಹುಟ್ಟುವುದಿಲ್ಲ.

ಅವತ್ತಿನಿಂದ ನಾನು ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೊ ದ್ರಾವಣ ಬಿಡುವುದು ಬಿಟ್ಟರೆ ಬೇರೆ ಯಾವುದನ್ನೂ ಹೊಡೆಯುವುದಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದಕ್ಕೂ ಕನ್ನಡಕ, ಗ್ಲೌಸ್ ಹಾಕುತ್ತೇನೆ.

ಕಾನೂನು ಇಲ್ಲ ಎಂದಲ್ಲ. 1958ರಲ್ಲಿ ಪಕ್ಕದ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ತಾಗಿದ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ 1968ರಲ್ಲಿ ಕೀಟನಾಶಕ ಕಾಯ್ದೆ ಬಂತು, 1971ರಲ್ಲಿ ಅದರ ನಿಯಮಗಳು ಬಂದವು. ತಯಾರಿಸುವವನಿಗೆ ಲೈಸೆನ್ಸ್, ಮಾರುವವನಿಗೆ ಲೈಸೆನ್ಸ್. ವ್ಯಾಪಾರವಾಗಿ ಹೊಡೆಯುವವನಿಗೂ ಲೈಸೆನ್ಸ್ ಬೇಕು, ಅದಕ್ಕೆ ಡಿಗ್ರಿ ಓದಿ ತರಬೇತಿ ಪಡೆದಿರಬೇಕು. ಕೆಲಸದವರಿಗೆ ರಕ್ಷಣೆಯ ಬಟ್ಟೆ ಕೊಡಬೇಕು ಎಂದೂ ಇದೆ. ಆದರೆ ನಮ್ಮ ಊರಿನಲ್ಲಿ ಪಂಪು ಹೊರುವವರು ಯಾರು? ಎಂಟನೇ, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವರು, ಹೊರ ರಾಜ್ಯಗಳಿಂದ ಬಂದ ಹುಡುಗರು. ಡಿಗ್ರಿ ಓದಿದವರು ಅಂಗಳಕ್ಕೆ ಬರುವುದಿಲ್ಲ, ಅಂಗಳಕ್ಕೆ ಬರುವವರನ್ನು ಕಾನೂನು ಲೆಕ್ಕಕ್ಕೇ ಹಿಡಿದಿಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯ ಮನೆಗಳಲ್ಲಿ ಜನ ಕಾಯಿಲೆ ಬಿದ್ದದ್ದನ್ನು ನೋಡಿದ ಜಿಲ್ಲೆಗಳು ನಮ್ಮವು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಅಷ್ಟು ನೋಡಿದ ಮೇಲೂ ಹೆಸರಿಲ್ಲದ ಬಾಟಲಿ ಹಿಡಿದು ಬಂದವನಿಗೆ ಗೇಟು ತೆಗೆಯುತ್ತೇವೆ.

ಗೆಲ್ಲು ಕಡಿಯುವ ವಿಷಯವೂ ಹೀಗೇ. ಮಳೆಗಾಲದ ಮೊದಲು ರಸ್ತೆ ಬದಿಯ ಮರಗಳ ತಲೆ ಬೋಳಿಸುತ್ತಾರೆ. ನೋಡಿದವರು ಇನ್ನು ಭಯವಿಲ್ಲ ಅಂದುಕೊಳ್ಳುತ್ತಾರೆ. ಎರಡು ಮೂರು ವರ್ಷದಲ್ಲಿ ಆ ಬೋಳು ತಲೆಯಿಂದ ಪೊರಕೆ ಕಡ್ಡಿಯ ಹಾಗೆ ಚಿಗುರುಗಳು ಏಳುತ್ತವೆ. ಅವು ಮರದ ಒಳಗಿನಿಂದ ಬೆಳೆದ ಗೆಲ್ಲುಗಳಲ್ಲ, ಮೇಲೆ ಅಂಟಿಕೊಂಡವು. ಕೆಳಗೆ ಕಡಿದ ಜಾಗ ಕೊಳೆತು ಕುಂಬಾಗುತ್ತಾ ಇರುತ್ತದೆ. ಚಿಗುರು ತೊಡೆ ಗಾತ್ರ ಆದಾಗ ಒಂದು ಗಾಳಿಗೆ ಸೀಳಿಕೊಂಡು ಬೀಳುತ್ತದೆ. ನೀವು ಓದುವ ಬಿದ್ದ ಮರದ ಸುದ್ದಿಗಳಲ್ಲಿ ಇಂಥವೂ ಇವೆ.

ಸರಿಯಾಗಿ ಕಡಿಯುವುದು ಕಷ್ಟವಲ್ಲ. ಗೆಲ್ಲು ಕಾಂಡಕ್ಕೆ ಸೇರುವ ಕಡೆ ಬಳೆ ಹಾಕಿದ ಹಾಗೆ ಸ್ವಲ್ಪ ಉಬ್ಬು ಇರುತ್ತದೆ. ಮೊದಲು ಒಂದು ಮೊಳ ದೂರದಲ್ಲಿ ಅಡಿಯಿಂದ ಗರಗಸ ಹಾಕಬೇಕು. ಆಮೇಲೆ ಇನ್ನೂ ಸ್ವಲ್ಪ ಆಚೆ ಮೇಲಿಂದ ಕೊಯ್ಯಬೇಕು. ಗೆಲ್ಲಿನ ಭಾರ ಕೆಳಗೆ ಹೋದ ಮೇಲೆ, ಉಳಿದ ಮೋಟನ್ನು ಆ ಬಳೆಗೆ ತಾಗದ ಹಾಗೆ ಹೊರಗಿನಿಂದ ತೆಗೆಯಬೇಕು. ಅಡಿಯಿಂದ ಕೊಯ್ಯದೆ ಒಂದೇ ಏಟಿಗೆ ಮೇಲಿಂದ ಕೊಯ್ದರೆ ಗೆಲ್ಲು ಬೀಳುವಾಗ ಕಾಂಡದ ತೊಗಟೆಯನ್ನು ಎರಡು ಮೂರು ಅಡಿ ಸೀಳಿಕೊಂಡೇ ಬರುತ್ತದೆ. ಗಾಯಕ್ಕೆ ಡಾಂಬರು, ಪೇಂಟು ಬಳಿಯುವುದು ಸುಮ್ನೆ ಖರ್ಚು. ಮರದ ಗಾಯ ನಮ್ಮ ಚರ್ಮದ ಗಾಯದ ಹಾಗೆ ವಾಸಿಯಾಗುವುದಿಲ್ಲ. ಮರ ಕೆಟ್ಟ ಭಾಗಕ್ಕೆ ಒಳಗಿನಿಂದ ಗೋಡೆ ಕಟ್ಟಿ, ಸುತ್ತ ಹೊಸ ಕಟ್ಟಿಗೆಯ ಪದರ ಬೆಳೆಸುತ್ತದೆ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶಿಗೋ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಇದನ್ನು ತೋರಿಸಿದರಂತೆ. ಬಿದ್ದ ಮರ ಸೀಳುವಾಗ ನಾನೂ ಆ ಕಪ್ಪು ಗೋಡೆಯನ್ನು ಎಷ್ಟೋ ಸಲ ನೋಡಿದ್ದೇನೆ. ಅದು ಏನೆಂದು ತಿಳಿಯಲು 20 ವರ್ಷ ಬೇಕಾಯಿತು.

ಶಿಗೋ ಬಗ್ಗೆ ಹೇಳಿದವರು ನಮ್ಮ ಊರಿನವರೇ, ಈಗ ಅಮೆರಿಕದಲ್ಲಿದ್ದಾರೆ. ಅವರ ಮನೆಯ ಮರ ಸವರಲು ಬಂದವನ ಕೊರಳಲ್ಲಿದ್ದ ತರಬೇತಿ ಕಾರ್ಡಿನ ಫೋಟೋ ಕಳಿಸಿದ್ದರು. ಅಲ್ಲಿ ಮರದ ಕೆಲಸದ ಕಂಪನಿಗಳು 1938ರಲ್ಲೇ ಸಂಘ ಕಟ್ಟಿಕೊಂಡಿವೆ. ಕೆಲಸದವರಿಗೆ ತರಬೇತಿ ಕೊಡುವುದು, ಸರ್ಕಾರದ ಹತ್ತಿರ ಮಾತಾಡುವುದು ಎಲ್ಲ ಆ ಸಂಘವೇ. ದುಡ್ಡು ಪಡೆದು ಬೇರೆಯವರ ಮರಕ್ಕೆ ಮದ್ದು ಹೊಡೆಯಬೇಕಾದರೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬೇಕು.

ನಮಗೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ತೆಂಗಿನ ಮರ ಹತ್ತುವವರಿಗೆ ಆರು ದಿನದ ತರಬೇತಿ ಕೊಡುತ್ತಿದೆ. ನಾನೂ ಹೋಗಿದ್ದೆ. ಯಂತ್ರದಲ್ಲಿ ಹತ್ತುವುದು, ಸುಳಿಗೆ ಬರುವ ಕುರುವಾಯಿ ಕೀಟ, ಕೆಂಪು ಮೂತಿ ಹುಳ ಗುರುತಿಸುವುದು, ಎಲ್ಲ ಕೈ ಹಿಡಿದು ಕಲಿಸಿದರು. ಹತ್ತುವ ಯಂತ್ರ ಕೊಟ್ಟರು, ವಿಮೆಯೂ ಮಾಡಿಸಿದರು. ಅಲ್ಲಿಂದ ಬಂದ ಮೇಲೆ ಜನ ನನ್ನನ್ನು ಕರೆಯುವ ರೀತಿಯೇ ಬದಲಾಯಿತು. ಮೊದಲು "ಹೋಯ್, ಬಾ" ಅನ್ನುತ್ತಿದ್ದವರು "ಯಾವಾಗ ಬರ್ತೀರಿ?" ಎಂದು ಕೇಳತೊಡಗಿದರು.

ಅಂಥದ್ದೇ ಒಂದು ತರಬೇತಿ ಊರಿನ ಮರಗಳ ಕೆಲಸ ಮಾಡುವವರಿಗೂ ಬೇಕು. ಉಡುಪಿ, ದಕ್ಷಿಣ ಕನ್ನಡ, ನಮ್ಮ ಎರಡೂ ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ, ತೋಟಗಾರಿಕೆ, ಅರಣ್ಯ ಇಲಾಖೆಗಳಿವೆ. ಹಗ್ಗ ಕಟ್ಟುವುದು, ಗೆಲ್ಲು ಕೊಯ್ಯುವುದು, ಕರೆಂಟ್ ಲೈನಿನ ಹತ್ತಿರ ಜಾಗ್ರತೆ, ಲೇಬಲ್ ಓದುವುದು, ಬಾವಿಯಿಂದ ಎಷ್ಟು ದೂರ ಇರಬೇಕು, ಯಾವಾಗ ಮದ್ದೇ ಬೇಡ. ಕನ್ನಡದಲ್ಲಿ, ತುಳುವಿನಲ್ಲಿ, ಹೊರಗಿನ ಹುಡುಗರಿಗೆ ಹಿಂದಿಯಲ್ಲಿ. ಕಲಿತವರಿಗೆ ಒಂದು ಕಾರ್ಡ್ ಕೊಡಲಿ. ಗೆಲ್ಲು ಸವರುವ ಗುತ್ತಿಗೆ ಕೊಡುವಾಗ ನಗರಸಭೆ, ಪಾಲಿಕೆಗಳು ಆ ಕಾರ್ಡ್ ಇದ್ದವರು ಎಷ್ಟು ಜನ ಇದ್ದಾರೆ ಎಂದು ಕೇಳಲಿ. ಮನೆಯವರೂ ಕೇಳಲಿ. ಕೂಲಿ ಸ್ವಲ್ಪ ಜಾಸ್ತಿ ಆಗಬಹುದು. ಆದರೆ 600 ರೂಪಾಯಿಗೆ ಮದ್ದು ಹಾಕಿಸಿದ ಪರ್ಕಳದ ಅಮ್ಮ ಈಗ ಕುಡಿಯುವ ನೀರನ್ನು ಪಕ್ಕದ ಮನೆಯಿಂದ ತರುತ್ತಿದ್ದಾರೆ, ದಿನಕ್ಕೆ ನಾಲ್ಕು ಕೊಡಪಾನ.

ದೀಪಾವಳಿ ಕಳೆದ ಕೂಡಲೇ ನಮಗೆ ಕೆಲಸದ ಒತ್ತಡ ಶುರುವಾಗುತ್ತದೆ. ಅದಕ್ಕೆ ಮೊದಲು ಒಂದು ತಂಡಕ್ಕಾದರೂ ತರಬೇತಿ ಆಗಲಿ. ಹಿರಿಯಡಕ, ಪೆರ್ಡೂರು, ಆತ್ರಾಡಿ ಕಡೆಯ ಮರದ ಕೆಲಸದವರ ಹತ್ತಿರ ಮಾತಾಡಿದ್ದೇನೆ. ಹನ್ನೊಂದು ಜನ ಬರುತ್ತೇವೆ ಎಂದು ಹೆಸರು ಬರೆಸಿದ್ದಾರೆ. ಪಟ್ಟಿ ನನ್ನ ಹತ್ತಿರ ಇದೆ, ಯಾವ ಇಲಾಖೆ ಕೇಳಿದರೂ ತಂದುಕೊಡುತ್ತೇನೆ.

ಇಂತಿ,
ಮರದ ಕೆಲಸದವ,
ಹಿರಿಯಡಕ, ಉಡುಪಿ