ಪಿಯಾನೊ ಡಿಪ್ಲೊಮಾಕ್ಕೆ ಕೃತಿಗಳ ಆಯ್ಕೆ

ಮಾಳಮಡ್ಡಿ, ಧಾರವಾಡ

ಚಿರಂಜೀವಿ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂ ನಡೆಸುವ ಎಆರ್‌ಎಸ್‌ಎಂ ಡಿಪ್ಲೊಮಾ ಪರೀಕ್ಷೆಗೆಂದು ನೀನು ಬರೆದು ಕಳಿಸಿದ ಪಟ್ಟಿಯನ್ನು ನೋಡಿದೆ. ಬೀಥೋವನ್‌ನ ‘ಪಥೆಟಿಕ್’ ಸೊನಾಟ, ಶೋಪಾನ್‌ನ ಸಿ ಮೈನರ್ ನಾಕ್ಟರ್ನ್, ರಾಖ್ಮನಿನಾಫ್‌ನ ಸಿ ಶಾರ್ಪ್ ಮೈನರ್ ಪ್ರೆಲ್ಯೂಡ್ ಮೂರೂ ದೊಡ್ಡ ಕೃತಿಗಳೇ. ಆದರೆ ಮೂರೂ ಮೈನರ್, ಅಂದರೆ ವಿಷಾದದ ಛಾಯೆಯ ಸ್ವರಶ್ರೇಣಿಯವು, ಮೂರೂ ಭಾರ. ರಚನಕಾರರ ಕಾಲ ಬೇರೆಯಾದ ಮಾತ್ರಕ್ಕೆ ಕಾರ್ಯಕ್ರಮಕ್ಕೆ ಸಮತೋಲನ ಬರುವುದಿಲ್ಲ. ನಮ್ಮೂರಿನ ಬೈಠಕ್ಕುಗಳಲ್ಲಿ ಗಾಯಕರು ಗಂಭೀರ ರಾಗವೊಂದನ್ನು ವಿಸ್ತಾರವಾಗಿ ಹಾಡಿದ ಮೇಲೆ ಅದೇ ಭಾವದ ಇನ್ನೊಂದನ್ನು ಎತ್ತಿಕೊಳ್ಳದೆ, ಠುಮರಿಯನ್ನೋ ವಚನವನ್ನೋ ಹಾಡುವುದನ್ನು ನೀನೂ ಕೇಳಿದ್ದೀಯ.

ಸೊನಾಟವನ್ನು ಮಾತ್ರ ಬಿಡಬೇಡ. ಸುಮಾರು 18 ನಿಮಿಷದ ಆ ಕೃತಿಯ ಮೊದಲ ಭಾಗದಲ್ಲಿ, ನಿಧಾನದ ಪೀಠಿಕೆ ಮುಗಿದೊಡನೆ, ಎಡಗೈ ಆಕ್ಟೇವ್‌ಗಳನ್ನು (ಒಂದೇ ಸ್ವರದ ಕೆಳಗಿನ, ಮೇಲಿನ ಸ್ಥಾಯಿಗಳ ಜೋಡಿಯನ್ನು) ಬಿಡುವಿಲ್ಲದೆ ಕಂಪಿಸುತ್ತ ಹೋಗಬೇಕು. ಮಣಿಕಟ್ಟು ಸಡಿಲವಿಲ್ಲದಿದ್ದರೆ ಬಿಗಿತ ಮೊಣಕೈವರೆಗೂ ಏರುತ್ತದೆ. ಅದರ ಬೆನ್ನಿಗೆ ಬರುವ ಎ ಫ್ಲ್ಯಾಟ್ ಮೇಜರ್‌ನ ಅಡಾಜಿಯೊ, ಅಂದರೆ ನಿಧಾನಗತಿಯ ಎರಡನೆಯ ಭಾಗ, ಕೈಗೆ ವಿಶ್ರಾಂತಿ ಕೊಡುವುದಷ್ಟೇ ಅಲ್ಲದೆ, ಪಿಯಾನೊವನ್ನು ಹಾಡಿಸುವ ನಿನ್ನ ಶಕ್ತಿಯನ್ನೂ ತೋರಿಸುತ್ತದೆ. ಅದಕ್ಕೆಂದೇ ನೀನು ಸೇರಿಸಿದ ನಾಕ್ಟರ್ನ್ ಆಮೇಲೆ ಬೇಕಾಗುವುದಿಲ್ಲ. ಪ್ರೆಲ್ಯೂಡನ್ನೂ ಬಿಟ್ಟುಬಿಡು.

ಆರಂಭಕ್ಕೆ ಬಾಖ್‌ನ ‘ವೆಲ್ ಟೆಂಪರ್ಡ್ ಕ್ಲೇವಿಯರ್’ ಮೊದಲ ಸಂಪುಟದಿಂದ ಜಿ ಮೇಜರ್ ಪ್ರೆಲ್ಯೂಡ್ ಮತ್ತು ಫ್ಯೂಗ್ ಇಟ್ಟುಕೋ. ಒಂದೇ ಸ್ವರವಾಕ್ಯವನ್ನು ಸರದಿಯಲ್ಲಿ ಎತ್ತಿಕೊಳ್ಳುವ ಫ್ಯೂಗ್‌ನ ಮೂರು ಎಳೆಗಳನ್ನು ಬಿಡಿಬಿಡಿಯಾಗಿ ಕೇಳಿಸಲು ಬೇಕಾದ ಎಚ್ಚರ ದಣಿಯದ ಮನಸ್ಸಿನಲ್ಲಿ ಹೆಚ್ಚಿರುತ್ತದೆ. ಅಲ್ಲದೆ ಜಿ ಇಂದ ಸೊನಾಟದ ಸಿ ಮೈನರ್‌ಗೆ ಹೋಗುವಾಗ ಕಿವಿ ಪಂಚಮದಿಂದ ಷಡ್ಜಕ್ಕೆ ಇಳಿದ ಹಾಗೆ ಸಹಜವಾಗಿ ಇಳಿಯುತ್ತದೆ.

ಕೊನೆಗೆ ನನ್ನ ಮನಸ್ಸು ಬಾರ್ಟೋಕ್‌ನ ‘ಮೈಕ್ರೊಕಾಸ್ಮೋಸ್’ ಆರನೆಯ ಸಂಪುಟದ ಬಲ್ಗೇರಿಯನ್ ಲಯದ ನೃತ್ಯಗಳ ಕಡೆಗಿದೆ. 149ನೆಯದರ ನಡೆ 2+2+3. ರೂಪಕದ ಏಳು ಮಾತ್ರೆಗಳನ್ನು ಚಿಕ್ಕಂದಿನಿಂದ ಕೇಳಿದವಳಿಗೆ ಆ ಏಳು ಹೊಸದಲ್ಲ, ಒಡೆಯುವ ಜಾಗವಷ್ಟೇ ಬೇರೆ. ಲಯ ಹಿಡಿಯುವ ಯಂತ್ರ ಮೆಟ್ರೊನೋಮ್ ಹಾಕುವ ಮೊದಲು ಕೈಯಲ್ಲಿ ತಾಳ ಹಾಕಿಕೊಂಡು ಬಾಯಲ್ಲಿ ಎಣಿಸು. 3+3+2ರಲ್ಲಿ ಓಡುವ 153ನೆಯದನ್ನು ಕಟ್ಟಕಡೆಗೆ ಇಡು.

ಕಾರ್ಯಕ್ರಮದ ಅವಧಿ 30 ನಿಮಿಷ, ಅದರಲ್ಲಿ ಕನಿಷ್ಠ 20 ನಿಮಿಷ ಮಂಡಳಿಯ ಪಟ್ಟಿಯಿಂದಲೇ ಇರಬೇಕು. ಆದ್ದರಿಂದ ನಾನು ಹೇಳಿದ್ದನ್ನೂ ಪಟ್ಟಿಯೊಡನೆ ತಾಳೆ ನೋಡಿ, ನಿನ್ನ ಗುರುಗಳ ಒಪ್ಪಿಗೆ ಪಡೆದ ಮೇಲೆಯೇ ಗಟ್ಟಿಮಾಡು. ಇಡೀ ಕಾರ್ಯಕ್ರಮವನ್ನು ನಡುವಿನ ಬಿಡುವುಗಳೊಂದಿಗೆ ಒಮ್ಮೆ ನುಡಿಸಿ, ಗಡಿಯಾರ ನೋಡಿಕೊಂಡು, ಎಷ್ಟು ನೃತ್ಯಗಳು ಹಿಡಿಯುತ್ತವೆಂದು ನನಗೆ ಬರೆ.

ನಿನ್ನ ದೊಡ್ಡಮ್ಮ